ಸಾಲಕ್ಕೆ ಸಾಕ್ಷಿ, ಮಗುವಿಗೆ?

ಮಗುವನ್ನು ಈಜು ಕಲಿಯಲು ಸೇರಿಸುವಾಗ ಶುಲ್ಕ ಕೇಳುತ್ತೇವೆ, ಸಮಯ ಕೇಳುತ್ತೇವೆ. ಬಟ್ಟೆ ಬದಲಿಸುವ ಕೋಣೆಯ ಬಳಿ ಯಾರಿರುತ್ತಾರೆ, ಹೆತ್ತವರು ಕೂತು ನೋಡಬಹುದೇ ಎಂದು ಮಾತ್ರ ಕೇಳುವುದಿಲ್ಲ. ಗುರುವನ್ನು ಸಂಶಯಿಸಿದಂತಾದೀತೆಂಬ ಸಂಕೋಚ.

ಸಾಲದ ವ್ಯವಹಾರವನ್ನು ಬರೆದಿಡಿ, ಸಾಕ್ಷಿಗಳಿರಲಿ ಎಂಬುದು ಕುರ್‌ಆನಿನ ಆದೇಶ. ಅದು ಸಾಲಗಾರನಿಗೆ ಅವಮಾನವಲ್ಲ, ಇಬ್ಬರಿಗೂ ರಕ್ಷಣೆ. ಹಣಕ್ಕೇ ಇಷ್ಟು ಎಚ್ಚರವಾದರೆ, ಅಲ್ಲಾಹನು ನಮಗೊಪ್ಪಿಸಿದ ಅಮಾನತ್ತಾದ ಮಗುವಿಗೆ ಎಷ್ಟಿರಬೇಕು? ಪ್ರಾಮಾಣಿಕ ತರಬೇತುದಾರ ತೆರೆದ ಬಾಗಿಲಿಗೆ ಅಂಜುವುದಿಲ್ಲ.

‘ಇನ್ನು ಹೋಗಲ್ಲ’ ಎಂದು ಮಗು ಹಠ ಹಿಡಿದರೆ ಗದರಿಸುವ ಮೊದಲು ಕೇಳಿಸಿಕೊಳ್ಳೋಣ. ಲೈಂಗಿಕ ದೌರ್ಜನ್ಯ ಗೊತ್ತಾದರೂ ಮಾನಕ್ಕಂಜಿ ಪೊಲೀಸರಿಗೆ ತಿಳಿಸದೆ ಮುಚ್ಚಿಡುವುದು 2012ರ ಪೋಕ್ಸೊ ಕಾಯ್ದೆಯಡಿ 6 ತಿಂಗಳವರೆಗೆ ಜೈಲಾಗಬಹುದಾದ ಅಪರಾಧ. ಅದಕ್ಕೂ ಮೊದಲು ಅದು ಅಮಾನತ್ತಿಗೆ ಬಗೆದ ದ್ರೋಹ. ಮಾನ ಹೋಗಬೇಕಾದದ್ದು ತಪ್ಪು ಮಾಡಿದವನದು, ಮಗುವಿನದಲ್ಲ.