ಇತರರ ಕೈಯಲ್ಲಿರುವ ವಾದ್ಯ

ಬೀಥೋವನ್‌ನ ಐದನೆಯ ಸಿಂಫನಿಯಲ್ಲಿ ಎಲ್ಲರಿಗೂ ಗೊತ್ತಿರುವ ಆ ನಾಲ್ಕು ಸ್ವರಗಳಿಗಿಂತ ಮೊದಲು ಸ್ವರಲಿಪಿಯಲ್ಲಿ ಒಂದು ಚಿಕ್ಕ ಬಿಡುವಿದೆ. ವಾದಕರ ಮುಂದೆ ನಿಂತ ನಿರ್ದೇಶಕರು ಅದಕ್ಕೂ ಒಂದು ಕ್ಷಣ ಮುಂಚೆ ಕೈ ಎತ್ತಿ, ಉಸಿರೆಳೆದು, ಆ ಬಿಡುವಿನ ಮೇಲೆ ಕೈ ಇಳಿಸಬೇಕು. ಲಯದ ವೇಗ, ನಾದದ ತೂಕ, ಎಂಥ ಆವೇಗ, ಎಂಥ ಬಿಗಿ ಎಂಬುದೆಲ್ಲ ಎಪ್ಪತ್ತು ಎಂಬತ್ತು ಜನಕ್ಕೆ ಅಷ್ಟರಲ್ಲೇ ತಿಳಿದಿರಬೇಕು. ಆಮೇಲೆ ಹೊಮ್ಮುವ ನಾದವೆಲ್ಲ ಅವರದು. ಇಡೀ ವೇದಿಕೆಯಲ್ಲಿ ತಾವಾಗಿ ಒಂದು ಸ್ವರವನ್ನೂ ನುಡಿಸದ ಸಂಗೀತಗಾರರೆಂದರೆ ನಿರ್ದೇಶಕರೊಬ್ಬರೇ.

ನಿರ್ದೇಶಕಿ ಆಂಟೋನಿಯಾ ಬ್ರಿಕೋ ಅವರ ಬದುಕನ್ನು ನೆನೆದಾಗಲೆಲ್ಲ ನನ್ನನ್ನು ಕಾಡುವುದು ಈ ಸಂಗತಿ. 1902ರಲ್ಲಿ ಹಾಲೆಂಡಿನ ರಾಟರ್‌ಡ್ಯಾಮ್‌ನಲ್ಲಿ ಹುಟ್ಟಿದ ಅವರು ಸಾಕು ತಂದೆತಾಯಿಯ ಜೊತೆ ಚಿಕ್ಕಂದಿನಲ್ಲೇ ಕ್ಯಾಲಿಫೋರ್ನಿಯಾ ಸೇರಿದರು. ಬರ್ಕ್‌ಲಿಯಲ್ಲಿ ಪದವಿ ಪಡೆದು, ಬರ್ಲಿನ್‌ನ ಸಂಗೀತ ಅಕಾಡೆಮಿಯಲ್ಲಿ ನಿರ್ದೇಶನ ಕಲಿತರು. ನಿರ್ದೇಶಕ ಕಾರ್ಲ್ ಮುಕ್ ಅವರ ಶಿಷ್ಯೆಯಾದರು. 1930ರಲ್ಲಿ ಬರ್ಲಿನ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾ ಮುಂದೆ ನಿಂತಾಗ ಅವರಿಗಿನ್ನೂ ಇಪ್ಪತ್ತೇಳು. ಅದೇ ವರ್ಷ ಹಾಲಿವುಡ್ ಬೌಲ್ ವೇದಿಕೆ. 1938ರಲ್ಲಿ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಅನ್ನು ನಿರ್ದೇಶಿಸಿದ ಮೊದಲ ಮಹಿಳೆ. ಓದುತ್ತ ಹೋದರೆ ಇನ್ನೇನು ದೊಡ್ಡ ಹುದ್ದೆಯೊಂದು ಬಂದೇಬಿಟ್ಟಿತು ಅನ್ನಿಸುತ್ತದೆ. ಅದು ಬರಲಿಲ್ಲ. ನ್ಯೂಯಾರ್ಕಿನಲ್ಲಿ ಹೆಸರಾಂತ ಗಾಯಕರೊಬ್ಬರು ಹೆಂಗಸಿನ ನಿರ್ದೇಶನದಲ್ಲಿ ಹಾಡುವುದಿಲ್ಲ ಎಂದು ಹಟ ಹಿಡಿದದ್ದಕ್ಕೆ ಒಂದು ಕಚೇರಿಯೇ ಕೈತಪ್ಪಿತು.

ಅವಮಾನ ನುಂಗಿದ ಕಲಾವಿದೆಯರು ನಮ್ಮಲ್ಲೂ ಕಡಿಮೆಯಿಲ್ಲ. ಗಂಗೂಬಾಯಿ ಹಾನಗಲ್ ಅಂಥವರು ಏನೆಲ್ಲ ಕೇಳಬೇಕಾಯಿತು! ಆದರೂ ಅವರ ಕಂಠ ಅವರ ಬಳಿಯೇ ಇತ್ತು. ಬಾಗಿಲು ಹಾಕಿಕೊಂಡು ತಂಬೂರಿ ಮೀಟಿದರೆ ಸಾಧನೆಗೆ ಅಡ್ಡಿಯಿಲ್ಲ. ಕೇಳುವವರಿಲ್ಲದಿದ್ದರೂ ರಾಗ ಮಾಗುತ್ತದೆ. ನಿರ್ದೇಶಕಿಗೆ ಆ ಆಸರೆಯೂ ಇಲ್ಲ. ಸ್ವರಲಿಪಿಯನ್ನು ಮನೆಯಲ್ಲಿ ಕೂತು ಓದಬಹುದು, ಮನಸ್ಸಿನಲ್ಲೇ ಕೇಳಿಸಿಕೊಳ್ಳಬಹುದು. ಆದರೆ ತಾನು ಎತ್ತಿದ ಕೈಗೆ ಓಬೋ ಹೇಗೆ ಓಗೊಡುತ್ತದೆ, ಚೆಲ್ಲೋಗಳು ಎಲ್ಲಿ ತಡವರಿಸುತ್ತವೆ ಎಂಬುದು ಜೀವಂತ ವಾದಕರ ಎದುರು ನಿಂತಾಗ ಮಾತ್ರ ತಿಳಿಯುತ್ತದೆ. ಅವರ ವಾದ್ಯ ಇರುವುದು ಇತರರ ಕೈಯಲ್ಲಿ. ಅದನ್ನು ಕೊಡದಿದ್ದರೆ ಕಲೆ ಅಲ್ಲಿಗೇ ನಿಲ್ಲುತ್ತದೆ. ಹಾಗೆ ನಿಂತದ್ದನ್ನೇ ತೋರಿಸಿ 'ಅನುಭವ ಸಾಲದು' ಅನ್ನುವುದೂ ಸುಲಭ.

ಬ್ರಿಕೋ ವಾದ್ಯವನ್ನೇ ಕಟ್ಟಿದರು. 1934ರಲ್ಲಿ ನ್ಯೂಯಾರ್ಕಿನಲ್ಲಿ ಮಹಿಳೆಯರದೇ ಸಿಂಫನಿ ಆರ್ಕೆಸ್ಟ್ರಾ ಶುರುಮಾಡಿದರು. ಹೆಂಗಸರು ಯಾವ ವಾದ್ಯವನ್ನಾದರೂ ನುಡಿಸಬಲ್ಲರು ಎಂದು ಅದು ತೋರಿಸಿತು. ಬಳಿಕ, 1939ರಲ್ಲಿ, ಅದಕ್ಕೆ ಗಂಡಸರನ್ನೂ ಸೇರಿಸಿಕೊಂಡರು. ಅವರ ಬದುಕಿನಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವ ಕೆಲಸ ಇದು. ಪ್ರತ್ಯೇಕ ಕೋಣೆ ಅವರಿಗೆ ಬೇಕಿರಲಿಲ್ಲ, ಬೇಕಿದ್ದದ್ದು ಸಂಗೀತ.

ನಲವತ್ತರ ದಶಕದಲ್ಲಿ ಡೆನ್ವರ್‌ಗೆ ಬಂದು ನೆಲೆಸಿದರು. ಆ ಊರಿನ ವೃತ್ತಿಪರ ಆರ್ಕೆಸ್ಟ್ರಾ ಅವರ ಪಾಲಿಗೆ ಬರಲಿಲ್ಲ. ಪಿಯಾನೋ ಪಾಠ ಹೇಳುತ್ತ, ಹವ್ಯಾಸಿ ವಾದಕರ ತಂಡವೊಂದನ್ನು ಮೂರು ದಶಕಕ್ಕೂ ಮಿಕ್ಕಿ ನಡೆಸಿದರು. ಅವರ ಶಿಷ್ಯೆ, ಗಾಯಕಿ ಜೂಡಿ ಕಾಲಿನ್ಸ್, ಚಿತ್ರನಿರ್ದೇಶಕಿ ಜಿಲ್ ಗಾಡ್‌ಮಿಲೊ ಜೊತೆ ಸೇರಿ ತಮ್ಮ ಗುರುವಿನ ಬಗ್ಗೆ ಮಾಡಿದ ಸಾಕ್ಷ್ಯಚಿತ್ರ 1974ರಲ್ಲಿ ಬಂತು. ತಿಂಗಳಿಗೆ ಐದು ಕಚೇರಿ ಮಾಡುವ ಕಸುವಿದ್ದರೂ ವರ್ಷಕ್ಕೆ ಐದೇ ಸಿಗುತ್ತವೆ ಎಂದು ಅದರಲ್ಲಿ ಬ್ರಿಕೋ ಹೇಳುತ್ತಾರೆ. ಸದಾ ನಗುಮುಖದ, ಗಟ್ಟಿ ಹೆಂಗಸು ಅವರು. ಆ ಮಾತಿನ ಹಿಂದಿನ ಹಸಿವನ್ನು ನೋಡಿದರೆ ಸಂಕಟವಾಗುತ್ತದೆ. ಚಿತ್ರ ಜನರನ್ನು ತಟ್ಟಿತು, ಕರೆಗಳು ಬಂದವು. ಆಗ ಅವರಿಗೆ ಎಪ್ಪತ್ತು ದಾಟಿತ್ತು.

ಯೋಗ್ಯತೆ ಒಬ್ಬರ ಒಳಗೆ ತುಂಬಿಟ್ಟ ವಸ್ತು, ಹೊರಗಿನವರು ಅದನ್ನು ಗುರುತಿಸಬೇಕು ಅಥವಾ ಗುರುತಿಸದೆ ಹೋಗುತ್ತಾರೆ, ಅಷ್ಟೇ ಎಂದು ನಾವು ನಂಬಿದ್ದೇವೆ. ಬ್ರಿಕೋ ಬದುಕು ಈ ನಂಬಿಕೆಯನ್ನು ಅಲುಗಾಡಿಸುತ್ತದೆ. ನಿರ್ದೇಶಕಿಯ ಯೋಗ್ಯತೆಯಲ್ಲಿ ಒಂದು ಪಾಲು ಎದುರಿಗೆ ಕೂತವರ ನಂಬಿಕೆಯಲ್ಲಿದೆ. ಕಡ್ಡಿ ಎತ್ತಿದಾಗ ಅವರು ಕಣ್ಣೆತ್ತಿ ನೋಡಬೇಕು. ನೋಡದಿದ್ದರೆ ಎಷ್ಟೇ ವಿದ್ಯೆಯಿದ್ದರೂ ಕೈ ಗಾಳಿಯಲ್ಲೇ ಆಡುತ್ತಿರುತ್ತದೆ.

ವಾದಕಿಯರಿಗೆ ಅಮೆರಿಕದಲ್ಲಿ ಒಂದು ದಾರಿ ತೆರೆಯಿತು. 1970ರ ದಶಕದಿಂದೀಚೆಗೆ ಆಯ್ಕೆ ಪರೀಕ್ಷೆಯಲ್ಲಿ ಪರದೆ ಕಟ್ಟುವುದು ವಾಡಿಕೆಯಾಯಿತು. ಪಾದರಕ್ಷೆಯ ಸದ್ದಿನಿಂದ ಹೆಣ್ಣೋ ಗಂಡೋ ತಿಳಿಯಬಾರದೆಂದು ಕೆಲವೆಡೆ ನೆಲಕ್ಕೆ ಜಮಖಾನವನ್ನೂ ಹಾಸಿದರು. ಆದರೆ ನಿರ್ದೇಶಕಿಗೆ ಪರದೆ ಕಟ್ಟುವುದು ಹೇಗೆ? ಅವರ ದೇಹ ಕಾಣಲೇಬೇಕು, ಕಂಡರೇ ಸಂಗೀತ. ಒಂದೇ ಚಲನೆಯನ್ನು ಗಂಡು ಮಾಡಿದರೆ ಒಂದು ಬಗೆಯಲ್ಲಿ, ಹೆಣ್ಣು ಮಾಡಿದರೆ ಇನ್ನೊಂದು ಬಗೆಯಲ್ಲಿ ಓದುತ್ತಾರೆ ಎಂದು ಅಮೆರಿಕದ ನಿರ್ದೇಶಕಿ ಮರಿನ್ ಆಲ್ಸಪ್ ಹಲವು ಸಲ ಹೇಳಿದ್ದಾರೆ. ಅಂದರೆ ಇಲ್ಲಿ ಬದಲಾಗಬೇಕಾದದ್ದು ನೋಡುವ ಕಣ್ಣು.

ಆಲ್ಸಪ್ ಕೂಡ ವಾದ್ಯ ಸಿಗದೆ ವಾದ್ಯ ಕಟ್ಟಿದವರೇ. ಜೂಲಿಯಾರ್ಡ್ ಸಂಸ್ಥೆಯ ನಿರ್ದೇಶನ ತರಗತಿಗೆ ಪ್ರವೇಶ ಸಿಗದ ಅವರು 1984ರಲ್ಲಿ ನ್ಯೂಯಾರ್ಕಿನಲ್ಲಿ ಕಾನ್ಕಾರ್ಡಿಯಾ ಎಂಬ ಆರ್ಕೆಸ್ಟ್ರಾ ಕಟ್ಟಿದರು. 2005ರಲ್ಲಿ ಬಾಲ್ಟಿಮೋರ್ ಸಿಂಫನಿ ಆರ್ಕೆಸ್ಟ್ರಾ ಅವರನ್ನು ನಿರ್ದೇಶಕಿಯಾಗಿ ಆರಿಸಿದಾಗ, ಹುಡುಕಾಟ ಇನ್ನೂ ಮುಂದುವರಿಯಲಿ ಎಂದು ವಾದಕರಲ್ಲಿ ಬಹುಪಾಲು ಜನ ಬಹಿರಂಗವಾಗಿ ತಕರಾರು ತೆಗೆದರು. ಆಲ್ಸಪ್ ಹಿಂದೆ ಸರಿಯದೆ ಅವರನ್ನೇ ನೇರವಾಗಿ ಭೇಟಿಯಾಗಿ ಮಾತಾಡಿದರು. 2007ರಿಂದ 2021ರವರೆಗೆ ಅವರೊಡನೆಯೇ ಕೆಲಸ ಮಾಡಿದರು. ಕೇಳಿದ ಕೂಡಲೇ ನಂಬಿಕೆ ಹುಟ್ಟುವುದಿಲ್ಲ, ಜೊತೆಗೆ ನುಡಿಸುತ್ತ ಹುಟ್ಟುತ್ತದೆ. ಅದಕ್ಕೆ ವರ್ಷಗಳು ಬೇಕು. ಆಲ್ಸಪ್‌ಗೆ ಆ ವರ್ಷಗಳು ಸಿಕ್ಕವು.

ಬಾಲ್ಟಿಮೋರ್‌ಗೂ ಮೊದಲು ಅವರ ಹೆಸರು ಬೆಳೆದ ಊರುಗಳಲ್ಲಿ ಡೆನ್ವರ್ ಒಂದು. 1993ರಿಂದ ಹನ್ನೆರಡು ವರ್ಷ ಅವರು ಅಲ್ಲಿನ ಕೊಲೊರಾಡೊ ಸಿಂಫನಿಯಲ್ಲಿದ್ದರು. ಬ್ರಿಕೋ 1989ರಲ್ಲಿ ತೀರಿಕೊಂಡಿದ್ದರು. ಬ್ರಿಕೋಗೆ ಒಲಿಯದ ಊರಿನಲ್ಲೇ ಆಲ್ಸಪ್‌ಗೆ ಆರ್ಕೆಸ್ಟ್ರಾ ಸಿಕ್ಕಿದ್ದನ್ನು ನ್ಯಾಯ ಸಿಕ್ಕಿತು ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಐವತ್ತರ ಪ್ರಾಯದಲ್ಲಿ ಬ್ರಿಕೋ ದೊಡ್ಡ ವೃಂದವೊಂದರ ಜೊತೆ ಬೀಥೋವನ್‌ನನ್ನು ಹೇಗೆ ನುಡಿಸುತ್ತಿದ್ದರು ಎಂಬುದು ಅವರಿಗೇ ತಿಳಿಯಲಿಲ್ಲ, ಮತ್ತು ಆ ಸಾಲವನ್ನು ಅವರ ಹೆಸರಿನಲ್ಲಿ ಬೇರೆ ಯಾರೂ ತೀರಿಸಲಾರರು. ಮುಂದೆ ಬರುವವರಿಗಾದರೂ ಹಾಗಾಗದಿರಲಿ ಎಂಬಂತೆ, 2002ರಿಂದ ಆಲ್ಸಪ್ ಯುವ ನಿರ್ದೇಶಕಿಯರಿಗಾಗಿ ಒಂದು ಫೆಲೋಶಿಪ್ ನಡೆಸುತ್ತಿದ್ದಾರೆ. ಹಣಕ್ಕಿಂತ ಹೆಚ್ಚಾಗಿ ಆ ಹುಡುಗಿಯರಿಗೆ ಬೇಕಿರುವುದು ವಾದಕರ ಎದುರು ನಿಲ್ಲುವ ಗಂಟೆಗಳು: ಒಂದು ದಿನ ಕೆಟ್ಟದಾಗಿ ನಿರ್ದೇಶಿಸಿ, ಮಾರನೆಯ ದಿನ ಮತ್ತೆ ಅವರೆದುರೇ ಬಂದು ನಿಲ್ಲುವ ಅವಕಾಶ.