ಹಾರಿಹೋಗುವವರಿಗೆ ಮಾತ್ರ ಕರುಣೆಯೆ?

ಬೆಂಗಳೂರಿನಲ್ಲಿ ಒಂದು ಹಳೇ ಮರ ಕಡಿದು ಅಪಾರ್ಟ್‌ಮೆಂಟು ಎಬ್ಬಿಸಬೇಕಾಗಿದೆ ಅಂತಿಟ್ಟುಕೊಳ್ಳೋಣ. ಮರದ ತುದಿಯಲ್ಲಿ ಹದ್ದು ಗೂಡು ಕಟ್ಟಿ ಮೊಟ್ಟೆ ಇಟ್ಟಿದೆ. ಕೆಲಸ ನಿಲ್ಲಬೇಕೆ, ಬೇಡವೆ? ನಿಲ್ಲಲೇಬೇಕು ಅಂತಾರೆ ಪಕ್ಷಿಪ್ರಿಯರು. ಆಗ ನಮ್ಮ ಕೇರಿಗಳಿಂದ ಒಂದು ಪ್ರಶ್ನೆ ಏಳುತ್ತದೆ: ನಮ್ಮ ಗುಡಿಸಲ ಮೇಲೆ ಬುಲ್ಡೋಜರ್ ಬಂದಾಗ ಈ ಮಹನೀಯರು ಎಲ್ಲಿದ್ದರು?

ಈ ಪ್ರಶ್ನೆಯಲ್ಲಿ ನ್ಯಾಯವಿದೆ. 2013ರ ಜನವರಿಯಲ್ಲಿ ಇದೇ ಬೆಂಗಳೂರಿನ ಈಜಿಪುರದಲ್ಲಿ ಸಾವಿರಕ್ಕೂ ಮೀರಿದ ಬಡ ಕುಟುಂಬಗಳ ತಗಡಿನ ಮನೆಗಳನ್ನು ಪೊಲೀಸರ ಕಾವಲಿನಲ್ಲಿ ನೆಲಸಮ ಮಾಡಲಾಯಿತು. ಆ ನೆಲದ ಒಂದು ಪಾಲಿನಲ್ಲಿ ಮಾಲ್ ಏಳಬೇಕಿತ್ತು. ಚಳಿಯಲ್ಲಿ ರಸ್ತೆ ಬದಿಗೆ ಬಿದ್ದ ಬಾಣಂತಿಯರಿಗೆ, ಮಕ್ಕಳಿಗೆ ಯಾವ 'ಮರಿ ಮಾಡುವ ಕಾಲ'ದ ರಿಯಾಯಿತಿಯೂ ಸಿಗಲಿಲ್ಲ. ಆದರೆ ಗೆಳೆಯರೆ, ಪ್ರಶ್ನೆ ಕೇಳಿ ಅಲ್ಲಿಗೇ ಸುಮ್ಮನಾದರೆ ಗೂಡೂ ಹೋಗುತ್ತದೆ, ಗುಡಿಸಲೂ ಹೋಗುತ್ತದೆ. ಗೆಲ್ಲೋನು ಬುಲ್ಡೋಜರಿನ ಒಡೆಯ.

ಮೊದಲು ಈ ಹದ್ದು ಯಾರು ಅಂತ ನೋಡೋಣ. ಇಂಗ್ಲಿಷಿನ ಹಳೇ ಪಕ್ಷಿಪುಸ್ತಕಗಳಲ್ಲಿ ನಮ್ಮ ಊರುಗಳ ಎರಡು ಹದ್ದುಗಳ ಹೆಸರು ಹೀಗಿವೆ. ಬಿಳಿ ತಲೆಯ, ಕೆಂಪು ಮೈಯ ಹಕ್ಕಿ 'ಬ್ರಾಹ್ಮಿಣಿ ಕೈಟ್'. ಕಂದುಗಪ್ಪು ಮೈಯ ಹಕ್ಕಿ 'ಪರಿಯಾ ಕೈಟ್', ಅಂದರೆ ಪರಯನ ಹದ್ದು, ಹೊಲೆಯನ ಹದ್ದು. ಮೊದಲನೆಯದು ನಮ್ಮಲ್ಲಿ ಗರುಡ. ಅದು ತಲೆ ಮೇಲೆ ಹಾರಿದರೆ ಜನ ಕೈ ಮುಗೀತಾರೆ. ಎರಡನೆಯದು ಬರೀ ಹದ್ದು. ಸತ್ತದ್ದನ್ನು ಎರಡೂ ತಿನ್ನುತ್ತವೆ. ಆದರೂ ಒಂದು ದೇವರ ವಾಹನ, ಇನ್ನೊಂದು ಅಪಶಕುನ! ಆಕಾಶಕ್ಕೂ ಜಾತಿ ಹತ್ತಿಸಿದ ದೇಶ ಇದು.

ಈ ಹೊಲೆಯನ ಹದ್ದು ಊರಿನ ಕಸದ ರಾಶಿ ಮೇಲೆ, ಮಾಂಸದಂಗಡಿ ಹಿಂದೆ, ಸತ್ತ ಹೆಗ್ಗಣದ ಬಳಿ ದುಡಿಯುತ್ತದೆ. ನಸುಕಿನಲ್ಲೇ ಪೊರಕೆ ಹಿಡಿಯುವ ನಮ್ಮ ಪೌರಕಾರ್ಮಿಕರ ಜೊತೆ ಕೂಲಿಯಿಲ್ಲದೆ ಊರು ಗುಡಿಸುತ್ತದೆ. ಗುಡಿಸುವವರನ್ನು ಕೊಳಕು ಅನ್ನೋದು, ಕೊಳಕು ಮಾಡುವವರನ್ನು ಸ್ವಾಮಿ ಅನ್ನೋದು ಈ ಸಮಾಜದ ಹಳೇ ಚಾಳಿ.

ಗುಡಿಸುವವರು ಇಲ್ಲವಾದರೆ ಏನಾಗುತ್ತದೆ ಅನ್ನೋದಕ್ಕೆ ರಣಹದ್ದುಗಳೇ ಸಾಕ್ಷಿ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಎಂಬ ನೋವಿನ ಔಷಧಿ, ಸತ್ತ ದನದ ಮೂಲಕ ಅವುಗಳ ಮೂತ್ರಪಿಂಡ ಕೆಡಿಸಿತು. ಮುಖ್ಯವಾದ ಮೂರು ಜಾತಿಯ ರಣಹದ್ದುಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಸತ್ತವು. ದನಗಳಿಗೆ ಆ ಔಷಧಿ ಕೊಡುವುದನ್ನು ಸರ್ಕಾರ ನಿಷೇಧಿಸಿದ್ದು 2006ರಲ್ಲಿ. 2012ರಲ್ಲಿ ರಾಮನಗರದ ರಾಮದೇವರ ಬೆಟ್ಟವನ್ನು ರಣಹದ್ದುಗಳ ಧಾಮ ಅಂತ ಘೋಷಿಸುವ ಹೊತ್ತಿಗೆ ಅಲ್ಲಿ ಬೆರಳೆಣಿಕೆಯಷ್ಟು ಉಳಿದಿದ್ದವು. ತಿನ್ನುವ ಹಕ್ಕಿಯಿಲ್ಲದೆ ಹೆಣಗಳು ಕೊಳೆತವು, ನೀರು ಕೆಟ್ಟಿತು, ನಾಯಿಗಳು ಹೆಚ್ಚಿದವು. 2000ದಿಂದ 2005ರವರೆಗೆ ಇದರಿಂದಾಗಿ ದೇಶದಲ್ಲಿ ಸುಮಾರು 5 ಲಕ್ಷ ಜನ ಹೆಚ್ಚಾಗಿ ಸತ್ತರು ಅಂತ 2024ರಲ್ಲಿ ಪ್ರಕಟವಾದ ಅರ್ಥಶಾಸ್ತ್ರಜ್ಞರ ಅಧ್ಯಯನವೊಂದು ಲೆಕ್ಕ ಹಾಕಿದೆ. ನಾಯಿ ಕಚ್ಚಿದರೆ ಸೂಜಿಮದ್ದಿಗೆ ಹತ್ತಾರು ಮೈಲಿ ಅಲೆಯಬೇಕಾದವರು ಯಾರು? ಕೆಟ್ಟ ನೀರು ಕುಡಿಯಬೇಕಾದವರು ಯಾರು? ಹಾಗಾಗಿ ಹಕ್ಕಿಯ ಮಾತು ಉಳ್ಳವರ ಹವ್ಯಾಸ ಮಾತ್ರ ಅಲ್ಲ.

ಈಗ ಕಾನೂನಿಗೆ ಬರೋಣ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಹಕ್ಕಿಯ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡುವುದೂ ಬೇಟೆಯೇ. ಒಳ್ಳೆಯದು. ಹದ್ದು ಮೊಟ್ಟೆಯಿಟ್ಟಲ್ಲಿಂದ ಮರಿ ಹಾರುವವರೆಗೆ ಹೆಚ್ಚೆಂದರೆ ಮೂರು ತಿಂಗಳು. ಅಷ್ಟು ಕಾದರೆ ಮರ ಉರುಳಿಸಬಹುದು ಅಂತ ಗುತ್ತಿಗೆದಾರ ಲೆಕ್ಕ ಹಾಕ್ತಾನೆ. ಮುಂಬಯಿಯ ಫುಟ್‌ಪಾತ್ ವಾಸಿಗಳ ಓಲ್ಗಾ ಟೆಲಿಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1985ರಲ್ಲಿ ಏನು ಹೇಳಿತು? ಬದುಕುವ ಹಕ್ಕಿನಲ್ಲಿ ಹೊಟ್ಟೆಪಾಡಿನ ಹಕ್ಕೂ ಸೇರಿದೆ ಅಂದಿತು. ಆದರೆ ಎಬ್ಬಿಸಬೇಡಿ ಅನ್ನಲಿಲ್ಲ. ಮಳೆಗಾಲ ಮುಗಿಯಲಿ, ಅಕ್ಟೋಬರ್ 31ರವರೆಗೆ ಕಾಯಿರಿ ಅಂದಿತು. ಹಕ್ಕಿಗೆ ಮರಿ ಹಾರುವವರೆಗೆ, ಬಡವನಿಗೆ ಮಳೆ ನಿಲ್ಲುವವರೆಗೆ! ಎರಡೂ ಕ್ಯಾಲೆಂಡರಿನ ಕರುಣೆ.

ಹಾರಿಹೋಗುವವರಿಗೆ ಕರುಣೆ ತೋರುವುದು ಸುಲಭ. 'ನಾನು ಇಲ್ಲೇ ಇರ್ತೀನಿ' ಅನ್ನುವವರನ್ನು ಒಪ್ಪಿಕೊಳ್ಳುವುದು ಕಷ್ಟ. ನಿಜವಾದ ನೀತಿ ಶುರುವಾಗುವುದು ಅಲ್ಲಿಂದ. ಹದ್ದು ಕೂಡ ಮುಂದಿನ ವರ್ಷ ಅದೇ ಜಾಗ ಹುಡುಕಿ ಬರುತ್ತದೆ. ಅದು ಕೇಳುತ್ತಿರುವುದು ಮೂರು ತಿಂಗಳ ವಾಯಿದೆಯನ್ನಲ್ಲ, ಮರವನ್ನು. ನಾವು ಕೇಳುತ್ತಿರುವುದೂ ವಾಯಿದೆಯನ್ನಲ್ಲ, ನೆಲವನ್ನು.

ಇನ್ನೊಂದು ಮಾತನ್ನು ಪಕ್ಷಿಪ್ರಿಯರಿಗೆ ಗಟ್ಟಿಯಾಗಿ ಹೇಳಬೇಕು. ಆ ಮರದ ಕೆಳಗೇ ರಾಯಚೂರು, ಯಾದಗಿರಿ ಕಡೆಯಿಂದ ಗುಳೆ ಬಂದವರು ತಗಡಿನ ಶೆಡ್ಡಿನಲ್ಲಿರ್ತಾರೆ. ಕೆಲಸ ನಿಂತ ದಿನ ಅವರ ಒಲೆ ಉರಿಯಲ್ಲ. ಗೂಡು ಉಳಿಸಿದ ಪುಣ್ಯ ನಿಮಗೆ, ಉಪವಾಸ ಅವರಿಗೆ ಅನ್ನೋದಾದರೆ ಆ ಪುಣ್ಯಕ್ಕೆ ಧಿಕ್ಕಾರ! ನೀಲನಕ್ಷೆ ಬರೆಯುವ ಮುಂಚೆಯೇ ಮರ ಹತ್ತಿ ನೋಡಲಿ. ಗೂಡಿದ್ದರೆ ಮರ ಬಿಟ್ಟು ಕಟ್ಟಲಿ. ಕೆಲಸ ನಿಲ್ಲಿಸಲೇಬೇಕಾದರೆ ಅಷ್ಟೂ ದಿನದ ಕೂಲಿಯನ್ನು ಮಾಲೀಕನೇ ಕೊಡಲಿ. ಒಂದೊಂದು ಫ್ಲ್ಯಾಟಿಗೆ ಕೋಟಿ ಎಣಿಸುವವನಿಗೆ ಅದು ದಂಡವಲ್ಲ, ಬಾಕಿ.

ಹಳ್ಳಿಯ ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ಗೂಡು ಉಳಿಸಿ ಅಂತ ಯಾರಾದರೂ ಅರ್ಜಿ ತಂದರೆ ಸಹಿ ಹಾಕೋಣ. ಆದರೆ ಅದರ ಕೆಳಗೆ ಕೂಲಿಯದೊಂದು, ಗುಡಿಸಲಿನದೊಂದು ಸಾಲು ಸೇರಿಸಿ ಸಹಿ ಹಾಕೋಣ. ಆ ಎರಡು ಸಾಲಿಗೆ ಅವರ ಸಹಿಯನ್ನೂ ಕೇಳೋಣ.