ಕುರಿಮರಿಯ ಮುಖ

ಹಳೆಯದನ್ನು ಕಾಪಾಡಬೇಕೆಂಬ ಮಾತಿಗೆ ನಾವೆಲ್ಲ ತಲೆದೂಗುತ್ತೇವೆ. ಆದರೆ ಹಳೆಯದರ ಅಡಿಯಲ್ಲಿ ಅದಕ್ಕಿಂತಲೂ ಹಳೆಯದೊಂದು ಅಡಗಿದ್ದರೆ, ಕಾಪಾಡಬೇಕಾದುದು ಯಾವುದು? ಬೆಲ್ಜಿಯಂ ದೇಶದ ಘೆಂಟ್ ನಗರದ ಒಂದು ಚಿತ್ರದ ಕಥೆಯನ್ನು ಓದಿದಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಅಲ್ಲಿಯ ಸಂತ ಬಾವೋ ಚರ್ಚಿನಲ್ಲಿ ಓಕ್ ಮರದ ಹಲಗೆಗಳ ಮೇಲೆ ಬರೆದ ದೊಡ್ಡದೊಂದು ಚಿತ್ರಸಮೂಹವಿದೆ. ಹ್ಯೂಬರ್ಟ್ ವಾನ್ ಐಕ್ ಅದನ್ನು ಮೊದಲುಮಾಡಿದ. ಅವನು ತೀರಿಕೊಂಡ ಮೇಲೆ ತಮ್ಮ ಯಾನ್ 1432ರಲ್ಲಿ ಮುಗಿಸಿದ. ಅದರ ನಡುಫಲಕದಲ್ಲಿ, ಬಲಿಪೀಠದ ಮೇಲೆ, ಒಂದು ಕುರಿಮರಿ ನಿಂತಿದೆ. ಎದೆಯಿಂದ ಚಿಮ್ಮಿದ ರಕ್ತ ಪಾತ್ರೆಗೆ ಬೀಳುತ್ತಿದೆ. ಲೋಕಕ್ಕಾಗಿ ಬಲಿಯಾದ ಕ್ರಿಸ್ತನ ಸಂಕೇತ ಅದು.

ನೂರಾರು ವರ್ಷ ಜನ ಕಂಡ ಮುಖ ಸಾಧುವಾದದ್ದು. ಯಾವ ಹಿಂಡಿನಲ್ಲಾದರೂ ಕಾಣಬಹುದಾದದ್ದು. 1951ರಲ್ಲಿ ತಲೆಯ ಸುತ್ತಣ ಹಸುರು ಬಣ್ಣವನ್ನು ಕೊಂಚ ತೆಗೆದಾಗ ಇನ್ನೆರಡು ಕಿವಿಗಳು ಕಾಣಿಸಿಕೊಂಡವು! ಕೆಲಸ ಅಲ್ಲಿಗೇ ನಿಂತಿತು. ಮುಂದೆ ಆರು ದಶಕಗಳಿಗೂ ಹೆಚ್ಚು ಕಾಲ ಆ ಮರಿ ನಾಲ್ಕು ಕಿವಿ ಹೊತ್ತೇ ನಿಂತಿತ್ತು.

2012ರಲ್ಲಿ ಹೊಸದಾಗಿ ಜೀರ್ಣೋದ್ಧಾರ ಆರಂಭವಾಯಿತು. ವಿಜ್ಞಾನಿಗಳು ಕ್ಷ-ಕಿರಣಗಳ ನೆರವಿನಿಂದ ಸೀಸ, ತಾಮ್ರ ಮೊದಲಾದವು ಎಲ್ಲೆಲ್ಲಿವೆಯೆಂದು ನಕ್ಷೆ ತೆಗೆದರು. ಸಾಸಿವೆಗಿಂತ ಸಣ್ಣ ಬಣ್ಣದ ಚೂರುಗಳ ಅಂಚನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅಡಿಯಲ್ಲಿ ವಾನ್ ಐಕರ ಬಣ್ಣ, ಅದರ ಮೇಲೆ ಹಳೆಯ ವಾರ್ನಿಷ್, ಅದರ ಮೇಲೆ 16ನೆಯ ಶತಮಾನದಲ್ಲಿ ಮತ್ತಾರೋ ಬಳಿದ ಬಣ್ಣ. ಆ ಫಲಕದ ಹೆಚ್ಚುಕಡಮೆ ಅರ್ಧಭಾಗ ಹೀಗೆ ಮುಚ್ಚಿಹೋಗಿತ್ತು.

ಮೇಲಿನದನ್ನು ತೆಗೆಯಬಹುದು, ಅಡಿಯದು ಕೆಡದು ಎಂದಷ್ಟೇ ವಿಜ್ಞಾನ ಹೇಳಬಲ್ಲುದು. ತೆಗೆಯಬೇಕೆ ಎಂಬುದು ಮನುಷ್ಯರು ಉತ್ತರಿಸಬೇಕಾದ ಪ್ರಶ್ನೆ. ತಜ್ಞರು ಕೂಡಿ ಯೋಚಿಸಿ, ತೆಗೆಯುವುದೆಂದು ನಿರ್ಧರಿಸಿದರು. 2020ರ ಜನವರಿಯಲ್ಲಿ ಹೊಸ ಮುಖದ ಚಿತ್ರ ಜಗತ್ತಿಗೆಲ್ಲ ಹರಡಿದಾಗ ಅನೇಕರು ನಕ್ಕರು. ಅದರ ಕಣ್ಣುಗಳು ಮನುಷ್ಯರ ಕಣ್ಣುಗಳಂತೆ ಮುಂದಕ್ಕೆ ತಿರುಗಿ, ನೋಡುವವರನ್ನೇ ದಿಟ್ಟಿಸುತ್ತವೆ.

ಮೇಲೆ ಬಣ್ಣ ಬಳಿದವನನ್ನು ಕಿಡಿಗೇಡಿಯೆನ್ನಲು ನನಗೆ ಮನಸ್ಸಿಲ್ಲ. ಅವನು ಬರೆದ ಮುಖದೆದುರು ಎಷ್ಟು ಮಂದಿ ಮಂಡಿಯೂರಿದರೋ! ಅವರ ಪ್ರಾರ್ಥನೆ ಸುಳ್ಳಾಯಿತೆ? ಖಂಡಿತ ಇಲ್ಲ. ತೆಗೆದ ಬಣ್ಣವಂತೂ ಮತ್ತೆ ಬಾರದು. ಛಾಯಾಚಿತ್ರ ಉಳಿದರೂ ಅದು ಆ ಮುಖವಲ್ಲ. ಈ ನಷ್ಟ ನಿಜವಾದ ನಷ್ಟವೇ.

ಆದರೂ ತೆಗೆದದ್ದೇ ಸರಿಯೆಂದು ನನ್ನ ಅಭಿಪ್ರಾಯ. ಅಡಿಯದು ಹೆಚ್ಚು ಹಳೆಯದೆಂಬುದಷ್ಟೇ ಕಾರಣವಲ್ಲ. ಬಲಿಯಾಗುವ ಜೀವ ನಮ್ಮನ್ನು ನೇರವಾಗಿ ನೋಡುವಂತೆ ಮೊದಲ ಚಿತ್ರಕಾರ ಬರೆದ. ಎರಡನೆಯವನ ಕೈಯಲ್ಲಿ ಆ ನೋಟ ಸೌಮ್ಯವಾಯಿತು. ಸೌಮ್ಯವಾದ ಮುಖಕ್ಕೆ ಕೈಮುಗಿದು ಹೊರಟುಬಿಡಬಹುದು. ದಿಟ್ಟಿಸುವ ಮುಖ ನಮ್ಮಿಂದ ಉತ್ತರ ಕೇಳುತ್ತದೆ. ನಮಗೆ ಒಗ್ಗಿಹೋಗಿದೆ ಎಂಬ ಒಂದೇ ಕಾರಣದಿಂದ ಒಬ್ಬನ ಮಾತನ್ನು ಮುಚ್ಚಿಡುವ ಹಕ್ಕು ನಮಗಿಲ್ಲ.

ಹಾಗೆಂದು ಮುಚ್ಚಿದವನ ಪದರವನ್ನು ಕಸವೆಂದು ಕೆರೆದುಹಾಕಲೂ ಬಾರದು. ಘೆಂಟಿನವರು ಅದನ್ನೂ ಪರೀಕ್ಷಿಸಿ, ದಾಖಲೆ ಮಾಡಿಟ್ಟು, ವರ್ಷಗಟ್ಟಲೆ ನಿಧಾನವಾಗಿ ತೆಗೆದರು. ಹೋಗುವುದಕ್ಕೆ ನಾವು ಸಲ್ಲಿಸಬಹುದಾದ ಮರ್ಯಾದೆ ಆ ನಿಧಾನವೇ ಇರಬಹುದು.